ಅಪ್ಪ ದಾಟದ ಹೊಸ್ತಿಲು: ನಮ್ಮ ಅಗ್ಗದ ಹೋಟೆಲ್ ಊಟದ ಕತೆ

ನಮ್ಮ ತಾಲ್ಲೂಕು ಕಚೇರಿಯ ಹಿಂದಿನ ಓಣಿಯಲ್ಲಿ ಒಂದು ಖಾನಾವಳಿ ಇದೆ. ಇರೋದು ಆರೇ ಟೇಬಲ್. ಎರಡು ಜೋಳದ ರೊಟ್ಟಿ, ಒಂದು ಕಾಳು ಪಲ್ಯ, ಒಂದು ಕಾಯಿಪಲ್ಯ, ಶೇಂಗಾ ಚಟ್ನಿ, ಮೊಸರು, ಕೊನೆಗೆ ಅನ್ನ ಸಾರು. 70 ರೂಪಾಯಿ. ಹಸಿ ಉಳ್ಳಾಗಡ್ಡಿ, ಮೆಣಸಿನಕಾಯಿ ಕೇಳಿದಷ್ಟು. ವಾರದಲ್ಲಿ ನಾಲ್ಕು ದಿನ ನನ್ನ ಮಧ್ಯಾಹ್ನದ ಊಟ ಅಲ್ಲೇ. ಸುದ್ದಿಗಿಷ್ಟು ಅಂತ ದುಡ್ಡು ಎಣಿಸುವ ನಮ್ಮಂಥ ಬಿಡಿ ವರದಿಗಾರರಿಗೆ ಇದಕ್ಕಿಂತ ದೊಡ್ಡ ಸುಖ ಬೇರೆ ಇಲ್ಲ.

ಹೋದ ತಿಂಗಳು ಮಳೆ ಬಂದು ಗಿರಾಕಿ ಕಡಿಮೆ ಇದ್ದ ದಿನ ಖಾನಾವಳಿ ಅಕ್ಕಾರಿಗೆ ಕೇಳಿದೆ, "ಅಕ್ಕಾರ, ನನಗೂ ಅಡಗಿ ಕಲಸ್ರಿ." ವಯಸ್ಸು ಮೂವತ್ತೈದು ದಾಟಿದೆ, ಚಹಾ ಬಿಟ್ಟು ಬೇರೇನೂ ಮಾಡಲು ಬರುವುದಿಲ್ಲ ಅನ್ನೋದು ಈಚೆಗೆ ನಾಚಿಕೆಯಾಗಿ ಕಾಡುತ್ತಿತ್ತು.

ಅವರು ನಕ್ಕರು. "ಕಲಸೂದೇನೈತಿ ತಮ್ಮಾ? ಒಳಗ ಬಾ, ನಿಂತು ನೋಡು."

ಸಂಜೆ ಮನೆಯಲ್ಲಿ ಅಪ್ಪನಿಗೆ ಇದನ್ನು ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳಗ ಬಾ ಅಂದ್ರಾ?" ಅಂತ ಕೇಳಿದ. "ನನಗ ಯಾರೂ ಹಂಗ ಅಂದಿರ್ಲಿಲ್ಲ ನೋಡು."

ಅಪ್ಪ 1969ರಲ್ಲಿ, ಹನ್ನೆರಡನೇ ವಯಸ್ಸಿನಲ್ಲಿ, ಹುಬ್ಬಳ್ಳಿಯ ಒಂದು ಹೋಟೆಲ್‌ನಲ್ಲಿ ಕೆಲಸಕ್ಕಿದ್ದ ಅಂತ ನನಗೆ ಗೊತ್ತಿತ್ತು. ಏನು ಕೆಲಸ ಅಂತ ಸರಿಯಾಗಿ ಕೇಳಿರಲಿಲ್ಲ. ಜಿಲ್ಲೆಯ ಎಲ್ಲರನ್ನೂ ಪ್ರಶ್ನೆ ಕೇಳುತ್ತೇವೆ, ಮನೆಯವರನ್ನು ಮಾತ್ರ ಕೇಳೋದಿಲ್ಲ.

ಹಿತ್ತಲಲ್ಲಿ ಎಂಜಲು ತಟ್ಟೆ, ಕಪ್ಪು ಬಸಿ ತೊಳೆಯೋದು, ಕಟ್ಟಿಗೆ ಹೊರೋದು, ಕೊಡಪಾನದಲ್ಲಿ ನೀರು ತಂದು ಅಡುಗೆಮನೆ ಹೊಸ್ತಿಲ ಹೊರಗೆ ಇಡೋದು. ಅಲ್ಲಿಂದ ಒಳಗೆ ಬೇರೆಯವರು ಒಯ್ಯುತ್ತಿದ್ದರು. ನಮ್ಮ ಓಣಿ ಊರ ಹೊರಗಿನದು. ಮಾಲೀಕರಿಗೆ ಅದು ಗೊತ್ತಿತ್ತು. ಮೂರು ವರ್ಷ ಅಪ್ಪ ಆ ಹೊಸ್ತಿಲ ತನಕ ಹೋಗಿ ಬಂದ. ಒಗ್ಗರಣೆ ವಾಸನೆಯಿಂದಲೇ ಒಳಗೆ ಏನು ನಡೆದಿದೆ ಅಂತ ಹೇಳುತ್ತಿದ್ದನಂತೆ.

ಒಂದು ದಿನ ಒಲೆಯ ಮೇಲಿನ ಹಾಲು ಉಕ್ಕಿ ಬಂತು. ಒಳಗೆ ಯಾರೂ ಇರಲಿಲ್ಲ. ಅಪ್ಪ ಓಡಿ ಹೋಗಿ ಪಾತ್ರೆ ಇಳಿಸಿದ. ಅದನ್ನು ನೋಡಿದವರು ಕೂಗಾಡಿದರು. "ಹಾಲು ಚೆಲ್ಲಿದ್ರಾ?" ಅಂತ ಕೇಳಿದೆ. ಅಪ್ಪ ನಕ್ಕ. "ಹಾಲ್ಯಾಕ ಚೆಲ್ತಾರ? ಚಹಾ ಮಾಡಿ ಮಾರಿದ್ರು. ನಂದು ಆ ತಿಂಗಳ ಪಗಾರ ಹಿಡಕೊಂಡ್ರು."

ಅಗ್ಗದ ಹೋಟೆಲ್ ಊಟದ ಇತಿಹಾಸ ಓದುತ್ತಾ ಹೋದಾಗ ನನಗೆ ಈ ಹಾಲಿನ ಪಾತ್ರೆಯೇ ಮತ್ತೆ ಮತ್ತೆ ಕಣ್ಣ ಮುಂದೆ ಬಂತು. ಯಾವ ಹೋಟೆಲ್ ಯಾವಾಗ ಶುರುವಾಯಿತು, ಇಡ್ಲಿಗೆ ಎಷ್ಟು ಕಾಸಿತ್ತು ಅನ್ನೋದನ್ನು ಬರೆದವರು ಬಹಳ ಜನ. ಅಡುಗೆ ಕಲಿಯಲು ಒಳಗೆ ಯಾರನ್ನು ಬಿಟ್ಟರು, ಯಾರನ್ನು ಬಿಡಲಿಲ್ಲ ಅನ್ನೋದನ್ನು ಬರೆದವರು ಕಡಿಮೆ.

ದುಡ್ಡು ಕೊಟ್ಟು ಹೊರಗೆ ಉಣ್ಣೋದು ನಮ್ಮಲ್ಲಿ ಹಳೆಯ ಪದ್ಧತಿ ಏನಲ್ಲ. ನಮ್ಮ ಅಜ್ಜಂದಿರು ಸಂತೆಗೆ, ಜಾತ್ರೆಗೆ, ಕೋರ್ಟಿಗೆ ಹೋಗುವಾಗ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ಖಡಕ್ ರೊಟ್ಟಿ, ಚಟ್ನಿ ಪುಡಿ, ಒಂದು ಉಳ್ಳಾಗಡ್ಡಿ. ಗಿಡದ ನೆರಳಲ್ಲಿ ಬಿಚ್ಚಿ ತಿಂದು, ಹಳ್ಳದ ನೀರು ಕುಡಿದರೆ ಊಟ ಮುಗೀತು. ಕೈಯಲ್ಲಿ ರೊಕ್ಕ ಇರಲಿಲ್ಲ ಅನ್ನೋದು ಒಂದು ಕಾರಣ. ಯಾರು ಮಾಡಿದ ಅಡುಗೆಯೋ ಏನೋ ಅನ್ನೋ ಅಳುಕು ಇನ್ನೊಂದು. ಯಾತ್ರೆ ಹೊರಟವರಿಗೆ ಛತ್ರಗಳಿದ್ದವು, ಮಠಗಳಲ್ಲಿ ದಾಸೋಹ ಇತ್ತು. ಅಲ್ಲಿ ಅನ್ನಕ್ಕೆ ಬೆಲೆ ಇರಲಿಲ್ಲ. ಆದರೆ ಎಷ್ಟೋ ಛತ್ರಗಳಲ್ಲಿ ಪಂಕ್ತಿ ಮಾತ್ರ ಬೇರೆ ಬೇರೆ.

ಅಡುಗೆಯನ್ನು ಬರೆದಿಡುವ ಕೆಲಸ ಕನ್ನಡದಲ್ಲಿ ಬಹಳ ಹಿಂದೆಯೇ ನಡೆದಿದೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಎಂಬ ಜೈನ ಕವಿ 'ಸೂಪಶಾಸ್ತ್ರ' ಅಂತ ಒಂದು ಇಡೀ ಅಡುಗೆ ಪುಸ್ತಕವನ್ನು ಪದ್ಯದಲ್ಲೇ ಬರೆದ. ಹಿಟ್ಟಿನ ತಿಂಡಿ, ಪಾನಕ, ಪಾಯಸ, ಬದನೆಕಾಯಿ, ಹಲಸು, ಬಾಳೆ, ಎಲ್ಲ ಇದೆ ಅದರಲ್ಲಿ. ಆದರೆ ಬದನೆಕಾಯಿ ಹೇಗೆ ಬೇಯಿಸಬೇಕು ಅಂತ ಷಟ್ಪದಿ ಓದಿ ಕಲಿತವರು ಊರಲ್ಲಿ ಎಷ್ಟು ಜನ ಇದ್ದಾರು? ಹೆಣ್ಣುಮಕ್ಕಳು ಅವ್ವನ ಪಕ್ಕ ಕೂತು ಕಲಿತರು. ಗಂಡಸರು ಕಲಿತದ್ದು ಮಠದಲ್ಲಿ, ದೇವಸ್ಥಾನದಲ್ಲಿ, ಮದುವೆ ಮನೆಯ ದೊಡ್ಡ ಒಲೆಯ ಮುಂದೆ. ಎರಡೂ ಕಡೆ ಕಲಿಯಲು ಒಳಗೆ ನಿಲ್ಲಬೇಕಿತ್ತು.

ರೈಲು ಬಂತು. ಕೋರ್ಟು, ಕಾಲೇಜು, ಗಿರಣಿ ಬಂದವು. ಮನೆ ಬಿಟ್ಟು ಪೇಟೆಯಲ್ಲಿ ಒಂಟಿಯಾಗಿ ಇರುವ ಗಂಡಸರು ಸಾವಿರಗಟ್ಟಲೆ ಆದರು. ಅವರಿಗೆ ದಿನಾ ಎರಡು ಹೊತ್ತು ಊಟ ಬೇಕು. ಮಾಡಿ ಹಾಕುವವರು ಯಾರು?

ಇಲ್ಲಿ ಜಾತಿ ಒಂದು ವ್ಯಾಪಾರದ ಲೆಕ್ಕವಾಯಿತು. ಬ್ರಾಹ್ಮಣ ಅಡುಗೆಯವನು ಮಾಡಿದ್ದನ್ನು ಹೆಚ್ಚು ಕಡಿಮೆ ಎಲ್ಲ ಜಾತಿಯವರೂ ತಿನ್ನುತ್ತಾರೆ, ಬೇರೆಯವರು ಮಾಡಿದ್ದನ್ನು ಎಲ್ಲರೂ ತಿನ್ನುವುದಿಲ್ಲ. ಹಾಗಾಗಿ ಆಗಿನ ಬೋರ್ಡುಗಳ ಮೇಲೆ 'ಬ್ರಾಹ್ಮಣರ' ಅನ್ನೋ ಪದ ಇವತ್ತಿನ 'ಶುದ್ಧ ತುಪ್ಪದ' ಅನ್ನೋ ಪದದ ಹಾಗೆ ಕೆಲಸ ಮಾಡುತ್ತಿತ್ತು. ಇವತ್ತು ನಾವು ಎಂಟಿಆರ್ ಅಂತ ಕರೆಯುವ ಬೆಂಗಳೂರಿನ ಹೋಟೆಲ್ 1924ರಲ್ಲಿ ಶುರುವಾದಾಗ ಅದರ ಹೆಸರು 'ಬ್ರಾಹ್ಮಿನ್ ಕಾಫಿ ಕ್ಲಬ್'. ಮಾವಳ್ಳಿ ಟಿಫಿನ್ ರೂಮ್ಸ್ ಅನ್ನೋ ಹೆಸರು ಬಂದದ್ದು 1960ರಲ್ಲಿ.

ಅದನ್ನು ಶುರುಮಾಡಿದವರು ಯಜ್ಞನಾರಾಯಣ ಮಯ್ಯ ಮತ್ತು ಅವರ ಅಣ್ಣ ತಮ್ಮಂದಿರು. ಕೋಟದ ಹತ್ತಿರದ ಪಾರಂಪಳ್ಳಿಯವರು. ಊರಲ್ಲಿ ಬದುಕು ಸಾಗದೆ ಬೆಂಗಳೂರಿಗೆ ಬಂದು ದೊಡ್ಡವರ ಮನೆಗಳಲ್ಲಿ ಅಡುಗೆ ಮಾಡಿಕೊಂಡಿದ್ದವರು. ಇವರ ಬಗ್ಗೆ ಹಗುರವಾಗಿ ಮಾತಾಡಲು ನನಗೆ ಮನಸ್ಸಿಲ್ಲ. ಆಗಿನ ದಕ್ಷಿಣ ಕನ್ನಡದ ಬಡತನ ಏನು ಕಡಿಮೆಯದಲ್ಲ. ಗೇಣು ಭೂಮಿ, ಮನೆ ತುಂಬ ಮಕ್ಕಳು, ಅದರ ಮೇಲೆ 1923ರ ದೊಡ್ಡ ನೆರೆ. ಹಸಿವು ತಾಳದೆ ಘಟ್ಟ ಹತ್ತಿದ, ಹಡಗು ಹತ್ತಿದ ಹುಡುಗರು ಎಷ್ಟೋ.

ಉಡುಪಿ ಕಡೆಯ ಕೆ. ಕೃಷ್ಣರಾವ್ ಅವರ ಕತೆಯೂ ಅಂಥದ್ದೇ. ಬಡ ಮನೆಯ ಹುಡುಗ. ಮೊದಲು ಮಠದ ಕೆಲಸ, ಆಮೇಲೆ ಮದ್ರಾಸಿನಲ್ಲಿ ಬೇರೆಯವರ ಹೋಟೆಲ್‌ನಲ್ಲಿ ರುಬ್ಬುವ ಕೆಲಸ. ಅಲ್ಲಿಂದ ಮೇಲೆ ಬಂದು 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲ್ ತೆರೆದರು. ಮುಂಬೈ ಮಾಟುಂಗಾದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುಮಾಡಿದ ಎ. ರಾಮ ನಾಯಕರೂ ಹುಡುಗನಾಗಿದ್ದಾಗ ಅಡುಗೆಮನೆಯ ಕೆಳಗಿನ ಕೆಲಸದಿಂದಲೇ ಬಂದವರು. ಬಾಳೆಎಲೆ ಹಾಕಿ ಹೊಟ್ಟೆತುಂಬ ಬಡಿಸುವ ಆ ಬೋರ್ಡಿಂಗ್ ಪೇಟೆಯಲ್ಲಿ ಒಂಟಿಯಾಗಿದ್ದ ಎಷ್ಟೋ ನೌಕರರಿಗೆ ಮನೆಯಾಗಿತ್ತು.

ಈ ಮೂವರ ಕತೆಯಲ್ಲೂ ಒಂದು ಏಣಿ ಕಾಣುತ್ತದೆ. ನೀರು ಹೊರೋದು, ಪಾತ್ರೆ ತೊಳೆಯೋದು, ರುಬ್ಬೋದು ಮೊದಲ ಮೆಟ್ಟಿಲು. ಆಮೇಲೆ ಟೇಬಲ್ ಒರೆಸೋದು, ಬಡಿಸೋದು. ಆಮೇಲೆ ಅಡುಗೆ ಭಟ್ಟರ ಕೈಕೆಳಗೆ ಹೆಚ್ಚಿಕೊಡೋದು. ಒಂದು ದಿನ ಭಟ್ಟರಿಗೆ ಜ್ವರ ಬಂದಾಗ ಸೌಟು ಇವನ ಕೈಗೆ. ಕೊನೆಗೆ ಗಲ್ಲಾಪೆಟ್ಟಿಗೆ. ಫೀ ಇಲ್ಲ, ಸರ್ಟಿಫಿಕೇಟ್ ಇಲ್ಲ. ಹೋಟೆಲ್‌ನವರು ಸಪ್ಲೈ ಹುಡುಗನನ್ನು 'ಮಾಣಿ' ಅನ್ನೋದು ಕುಂದಾಪುರ ಕಡೆಯ ಪದ. ಅಲ್ಲಿ ಮಾಣಿ ಅಂದರೆ ಹುಡುಗ ಅಂತಷ್ಟೇ. ಮನೆಯ ಮಗನನ್ನು ಕರೆಯುವ ಪದ ಹೋಟೆಲ್ ಕೆಲಸದ ಹೆಸರಾಯಿತು.

ಇಡ್ಲಿ ಅಷ್ಟು ಅಗ್ಗಕ್ಕೆ ಹೇಗೆ ಸಿಗುತ್ತಿತ್ತು ಅನ್ನೋದಕ್ಕೂ ಉತ್ತರ ಈ ಮಾಣಿಯಲ್ಲೇ ಇದೆ. ಬೆಳಿಗ್ಗೆ ನಾಲ್ಕಕ್ಕೆ ಏಳಿಸಿ ರಾತ್ರಿ ಹನ್ನೊಂದಕ್ಕೆ ಅದೇ ಟೇಬಲ್ ಮೇಲೆ ಮಲಗಿಸಿದರೆ, ಊಟ ಹಾಕಿ ಪಗಾರವನ್ನು ವರ್ಷಕ್ಕೊಮ್ಮೆ ಅವನ ಅಪ್ಪನ ಕೈಗೆ ಕೊಟ್ಟರೆ, ಇಡ್ಲಿ ಅಗ್ಗವಾಗದೆ ಇನ್ನೇನು? ಅಕ್ಕಿ ಉದ್ದಿನ ಬೆಲೆ ಎಲ್ಲರಿಗೂ ಒಂದೇ. ಉಳಿತಾಯ ಆಗುತ್ತಿದ್ದದ್ದು ಆ ಹುಡುಗರ ನಿದ್ದೆಯಲ್ಲಿ.

ಆದರೂ ಏಣಿ ಹತ್ತಿದವರಿಗೆ ಅದು ಏಣಿಯೇ. ಮುಂಬೈಯಲ್ಲಿ ಕನ್ನಡದ ರಾತ್ರಿ ಶಾಲೆಗಳಿದ್ದವು. ಹಗಲೆಲ್ಲ ಕಪ್ಪು ಬಸಿ ತೊಳೆದ ಹುಡುಗರು ರಾತ್ರಿ ಅಲ್ಲಿ ಕೂತು ಓದಿದರು, ಕೆಲವರು ದೊಡ್ಡ ಹುದ್ದೆಗೂ ಹೋದರು. ಮುಂದೆ ಬಂಟರು ಮತ್ತು ಕರಾವಳಿಯ ಬೇರೆ ಸಮುದಾಯದವರು ಅಲ್ಲಿನ ಹೋಟೆಲ್ ಕೆಲಸದಲ್ಲಿ ದೊಡ್ಡದಾಗಿ ಬೆಳೆದರು. ಅಡುಗೆಮನೆ ಬ್ರಾಹ್ಮಣರದ್ದೇ ಆಗಿ ಉಳಿಯಲಿಲ್ಲ. ಬಾಗಿಲು ಅಷ್ಟರ ಮಟ್ಟಿಗೆ ಸರಿಯಿತು. ಅಪ್ಪನ ತನಕ ಸರಿಯಲಿಲ್ಲ.

ಕಾನೂನು ಏನು ಮಾಡುತ್ತಿತ್ತು ಅಂತ ನೀವು ಕೇಳಬಹುದು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲ್‌ಗಳಿಗೆ ಹೋಗಲು ಯಾರನ್ನೂ ಜಾತಿಯ ಕಾರಣಕ್ಕೆ ತಡೆಯಬಾರದು ಅಂತ ಬಾಯಿ ಬಿಟ್ಟು ಹೇಳಿದೆ. ಸಂವಿಧಾನ ಬರೆದವರಿಗೆ ಹೋಟೆಲ್ ಅನ್ನು ಹೆಸರು ಹಿಡಿದು ಹೇಳಬೇಕು ಅನ್ನಿಸಿತು ಅಂದರೆ ಪರಿಸ್ಥಿತಿ ಹೇಗಿತ್ತು ಲೆಕ್ಕ ಹಾಕಿ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. 1955ರ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಶಿಕ್ಷೆಯನ್ನೂ ಇಟ್ಟಿತು. ಮದ್ರಾಸಿನಲ್ಲಿ 1957ರಲ್ಲಿ ಪೆರಿಯಾರ್ ಅನುಯಾಯಿಗಳು ಒಂದು ಹೋಟೆಲ್ ಬೋರ್ಡಿನ ಮೇಲಿನ 'ಬ್ರಾಹ್ಮಣ' ಪದ ತೆಗೆಸಲು ತಿಂಗಳುಗಟ್ಟಲೆ ಚಳವಳಿ ಮಾಡಿದರು.

ಇವೆಲ್ಲ ಗಿರಾಕಿಯ ಬಾಗಿಲು ತೆರೆದವು. ನಿಧಾನವಾಗಿ, ಜಗಳವಾಡಿ, ಆದರೂ ತೆರೆದವು. ಪೇಟೆಯಲ್ಲಿ ಯಾರ ಪಕ್ಕ ಯಾರು ಕೂತಿದ್ದಾರೆ ಅಂತ ಕೇಳೋದು ನಿಂತಿತು. ಹಳ್ಳಿಯ ಚಹಾದಂಗಡಿಗಳ ಎರಡು ಲೋಟದ ಪದ್ಧತಿ ಇನ್ನೂ ಎಲ್ಲ ಕಡೆ ಹೋಗಿಲ್ಲ, ಅದು ಬೇರೆ ಮಾತು. ಅಡುಗೆಮನೆಯ ಬಾಗಿಲಿನ ವಿಷಯದಲ್ಲಿ ದೂರು ಕೊಡುವವರು ಯಾರು? ಹನ್ನೆರಡು ವರ್ಷದ ಹುಡುಗ ಪೊಲೀಸ್ ಠಾಣೆಗೆ ಹೋಗಿ, "ನನ್ನ ಪಾತ್ರೆ ತೊಳೆಯಾಕ ಇಟಗೊಂಡಾರ, ಸಾರು ಮಾಡೋದು ಕಲಸವಲ್ರು" ಅಂತ ಬರೆಸಬೇಕಿತ್ತೇ? 1969ರಲ್ಲಿ ಹುಬ್ಬಳ್ಳಿಯ ಆ ಹೋಟೆಲ್‌ನಲ್ಲಿ ರೊಕ್ಕ ಕೊಟ್ಟರೆ ಅಪ್ಪ ಮುಂದಿನ ಬಾಗಿಲಿಂದ ಬಂದು ದೋಸೆ ತಿನ್ನಬಹುದಿತ್ತು. ಹಿಂದಿನ ಬಾಗಿಲಿಂದ ಒಳಗೆ ಹೋಗಿ ದೋಸೆ ಹೊಯ್ಯುವಂತಿರಲಿಲ್ಲ.

ಬೆಲೆಯ ಕತೆ ಇದರ ಪಕ್ಕದಲ್ಲೇ ನಡೆಯಿತು, ಅದನ್ನೂ ಸ್ವಲ್ಪ ಹೇಳುತ್ತೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹೋದಾಗ ರವೆಯಲ್ಲಿ ಇಡ್ಲಿ ಮಾಡಿದವರು ನಾವೇ ಅಂತ ಎಂಟಿಆರ್‌ನವರು ಹೇಳುತ್ತಾರೆ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗೆ ಕಡಿಮೆ ಬೆಲೆ ಕಟ್ಟಿದಾಗ ಅದೇ ಹೋಟೆಲ್‌ನವರು ಅದೇ ರುಚಿ ಇಟ್ಟು, ದಿನಕ್ಕೆ ಎಷ್ಟು ನಷ್ಟವಾಯಿತು ಅಂತ ಬೋರ್ಡ್ ಬರೆದು ಹಾಕಿದರು. ಕೊನೆಗೆ ಬಾಗಿಲು ಮುಚ್ಚಿ ಪೊಟ್ಟಣದ ಹಿಟ್ಟು ಮಾರಲು ಹೋದರು. ಇವತ್ತು ನಮ್ಮ ಹಳ್ಳಿ ಕಿರಾಣಿ ಅಂಗಡಿಯಲ್ಲಿ ನೇತಾಡುವ ರೆಡಿಮೇಡ್ ಪೊಟ್ಟಣಗಳ ಹಿಂದೆ ಈ ಕತೆಯೂ ಇದೆ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿಗಳು ಬಂದವು. ಕುರ್ಚಿ ಇಲ್ಲ, ಸಪ್ಲೈ ಇಲ್ಲ, ಮೊದಲು ಕೂಪನ್, ನಿಂತು ತಿಂದು ಹೊರಡು. ಬಾಡಿಗೆ ಜಾಗವೂ ಆಳಿನ ಖರ್ಚೂ ಉಳಿದು ತಿಂಡಿ ಅಗ್ಗವಾಯಿತು. 2017ರಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ ತಿಂಡಿಗೆ 5, ಊಟಕ್ಕೆ 10 ರೂಪಾಯಿ. ಸರ್ಕಾರ ಉಳಿದ ಹಣ ಹಾಕಿತು. ಅಗ್ಗದ ಊಟದ ಬಾಕಿಯನ್ನು ಯಾರೋ ಒಬ್ಬರು ತುಂಬಲೇಬೇಕು. ಮಾಣಿ ತುಂಬುವುದಕ್ಕಿಂತ ಸರ್ಕಾರ ತುಂಬುವುದು ವಾಸಿ ಅಂತ ನನ್ನ ಅಭಿಪ್ರಾಯ.

ನಮ್ಮ ಕಡೆಯ ಖಾನಾವಳಿಯ ದಾರಿ ಮಾತ್ರ ಬೇರೆ. ಉಡುಪಿ ಹೋಟೆಲ್‌ನ ಒಲೆ ಗಂಡಸರದ್ದು. ಖಾನಾವಳಿಯ ಒಲೆ ಬಹಳ ಕಡೆ ಹೆಣ್ಣುಮಕ್ಕಳದ್ದು. ಗಂಡ ತೀರಿದವರು, ಬಿಟ್ಟುಹೋದವರು, ಮಳೆ ಹೋಗಿ ಹೊಲ ಕೈಕೊಟ್ಟವರು, ತಮಗೆ ಬರುವ ಒಂದೇ ವಿದ್ಯೆಯನ್ನು ಹಿಡಿದು ಪೇಟೆಗೆ ಬಂದವರು. ಮುಂಬೈಯಲ್ಲಿ ಗಿರಣಿ ಕಾರ್ಮಿಕರಿಗೆ ಮನೆಯಲ್ಲೇ ಊಟ ಹಾಕುತ್ತಿದ್ದ ಖಾನಾವಳಿ ಹೆಂಗಸರು ಸಾಲಗಾರರ ಕೈಯಲ್ಲಿ ಸಿಕ್ಕು ನರಳುತ್ತಿದ್ದರು. 1975ರಲ್ಲಿ ಪ್ರೇಮಾ ಪುರವ್ ಅವರನ್ನು ಸೇರಿಸಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿದರು, ಬ್ಯಾಂಕ್ ಸಾಲ ಕೊಡಿಸಿದರು. ಮನೆಯಲ್ಲಿ ಬಿಟ್ಟಿ ಅನ್ನಿಸಿಕೊಂಡ ಕೆಲಸಕ್ಕೆ ಬ್ಯಾಂಕ್ ಸಾಲ ಸಿಕ್ಕಿದ್ದು ಸಣ್ಣ ವಿಷಯವಲ್ಲ.

ನಮ್ಮ ಅಕ್ಕಾರ ಖಾನಾವಳಿ ಬೋರ್ಡ್ ಗಮನಿಸಿ ನೋಡಿದರೆ 'ಖಾನಾವಳಿ' ಪದದ ಮುಂದೆ ಒಂದು ಪದದಷ್ಟು ಜಾಗಕ್ಕೆ ಬೇರೆ ಬಣ್ಣ ಬಳಿದದ್ದು ಕಾಣುತ್ತದೆ. ಅಲ್ಲಿ ಜಾತಿಯ ಹೆಸರಿತ್ತು. ಗಂಡ ಇದ್ದಾಗ ಬರೆಸಿದ್ದು. ಅವರು ತೀರಿದ ಮೇಲೆ ಅಕ್ಕಾರು ಅಳಿಸಿದರು. ಯಾಕೆ ಅಂತ ಕೇಳಿದ್ದಕ್ಕೆ, "ಹಸದು ಬಂದವ್ರು ಬೋರ್ಡ್ ಓದಿ ಹಿಂದ ಹೊಂಟ್ರ ಲುಕ್ಸಾನು ಯಾರಿಗಿ?" ಅಂದರು. ಇದೂ ವ್ಯಾಪಾರದ ಲೆಕ್ಕವೇ. ಒಂದು ಕಾಲದಲ್ಲಿ ಆ ಪದ ಬರೆಸಿದ್ದೂ ವ್ಯಾಪಾರ, ಈಗ ಅಳಿಸಿದ್ದೂ ವ್ಯಾಪಾರ.

ಹಾಗಂತ ಕತೆ ಮುಗಿದಿಲ್ಲ. ಶಾಲೆ ಮಕ್ಕಳಿಗೆ ಬಿಸಿಯೂಟ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು. ನಮ್ಮಲ್ಲಿ ಅಕ್ಷರ ದಾಸೋಹ 2002ರಲ್ಲಿ ಶುರುವಾಯಿತು. ಅಡುಗೆಯವರನ್ನು ನೇಮಿಸುವಾಗ ದಲಿತರಿಗೆ, ಆದಿವಾಸಿಗಳಿಗೆ ಆದ್ಯತೆ ಕೊಡಿ ಅಂತ 2004ರಲ್ಲಿ ಅದೇ ಕೋರ್ಟ್ ಹೇಳಿತು. ಆ ಆದೇಶದ ಮಹತ್ವ ನನಗೆ ಅಪ್ಪನ ಕತೆ ಕೇಳಿದ ಮೇಲೆ ತಿಳಿಯಿತು. ಅದು ಪಗಾರದ ಮಾತು ಅಂದುಕೊಂಡಿದ್ದೆ. ಅದು ಹೊಸ್ತಿಲಿನ ಮಾತು. ದಲಿತ ಹೆಣ್ಣುಮಗಳು ಅಡುಗೆ ಮಾಡುತ್ತಾಳೆ ಅಂತ ಮಕ್ಕಳನ್ನು ಶಾಲೆ ಬಿಡಿಸಿದ ಸುದ್ದಿ ಇವತ್ತಿಗೂ ಬರುತ್ತದೆ. ಇಂಥದ್ದೊಂದು ಸುದ್ದಿಯನ್ನು ನಾನೂ ಬರೆದಿದ್ದೇನೆ. ಎರಡು ಕಾಲಂ, ಒಳಪುಟ.

2006ರ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲ್, ಢಾಬಾಗಳಲ್ಲಿ ದುಡಿಸುವುದು ನಿಷೇಧವಾಯಿತು. ಮಾಣಿಯ ಏಣಿಯ ಮೊದಲ ಮೆಟ್ಟಿಲು ಕಾನೂನಿನ ಪ್ರಕಾರ ಹೋಯಿತು. "ಹಿಂಗಾದ್ರ ಹುಡುಗ್ರು ಕೆಲಸ ಹೆಂಗ ಕಲೀತಾರ?" ಅಂತ ಕೆಲವು ಹೋಟೆಲ್‌ನವರು ನನ್ನ ಮುಂದೆ ಅಂದದ್ದಿದೆ. ಅಪ್ಪನಿಗೆ ಆ ಮಾತು ಹೇಳಿದೆ. "ಹನ್ನೆರಡು ವರ್ಷದಾಗ ಕಲೀಬೇಕಾದ್ದು ಅಡಗಿ ಅಲ್ಲ, ಸಾಲಿ" ಅಂದ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವನ ಮಾತು ಅದು.

ಈಗ ಕಲಿಯೋದು ಎಲ್ಲಿ? ಮೊಬೈಲ್‌ನಲ್ಲಿ ಎಲ್ಲ ಇದೆ. ನಾನೂ ನೋಡಿದೆ. ಬದನೆಕಾಯಿ ಎಣ್ಣೆಗಾಯಿಯ ವಿಡಿಯೋಗಳೇ ಲೆಕ್ಕವಿಲ್ಲದಷ್ಟು. ಯಾವ ಹೊಸ್ತಿಲೂ ಇಲ್ಲ, ಯಾರೂ ಓಣಿ ಕೇಳೋದಿಲ್ಲ. ಅಷ್ಟರ ಮಟ್ಟಿಗೆ ಅದು ದೊಡ್ಡ ಉಪಕಾರ. ನಮ್ಮ ಓಣಿಯ ಇಬ್ಬರು ಹುಡುಗರು ವಿಡಿಯೋ ನೋಡಿಯೇ ಗೋಬಿ ಮಂಚೂರಿ ಕಲಿತು ಗಾಡಿ ಹಾಕಿದ್ದಾರೆ, ಸಂಜೆ ಒಳ್ಳೆ ವ್ಯಾಪಾರ. ಆದರೆ ಜೋಳದ ರೊಟ್ಟಿ ವಿಡಿಯೋಗೆ ಬಗ್ಗಲಿಲ್ಲ. ನಾನು ಮನೆಯಲ್ಲಿ ಮಾಡಿದ ಮೊದಲ ಐದು ರೊಟ್ಟಿ ಹಂಚಿಗೆ ಹಾಕುವ ಮೊದಲೇ ಹರಿದವು.

ಮುಂದಿನ ಸೋಮವಾರ ಬೆಳಿಗ್ಗೆ ಏಳಕ್ಕೆ ಖಾನಾವಳಿಗೆ ಹೋದೆ. ಚಪ್ಪಲಿ ಹೊರಗೆ ಬಿಟ್ಟು ಅಡುಗೆಮನೆ ಬಾಗಿಲ ಹತ್ತಿರ ಯಾಕೋ ಒಂದು ಕ್ಷಣ ನಿಂತೆ. ಅಕ್ಕಾರು ಬೆನ್ನು ತಿರುಗಿಸಿಕೊಂಡೇ, "ಎಸರು ಕುದೀಲಾಕ ಹತ್ಯಾವು, ಲಗೂನ ಬಾ" ಅಂದರು.

ಪರಾತದಲ್ಲಿ ಹಿಟ್ಟು. ನಡುವೆ ಗುಂಡಿ ಮಾಡಿ ಕುದಿಯುವ ಎಸರು ಹೊಯ್ದು, ಮೊದಲು ಚಮಚದಿಂದ ಕಲಸಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ನಾದಬೇಕು. ಗೋಧಿ ಹಿಟ್ಟಿನ ಹಾಗೆ ಒಮ್ಮೆ ನಾದಿ ಇಟ್ಟರೆ ನಡೆಯೋದಿಲ್ಲ, ಒಂದೊಂದು ರೊಟ್ಟಿಗೂ ಹಿಟ್ಟು ಮತ್ತೆ ನಾದಬೇಕು. ಬಡಿಯುವಾಗ ಅಂಗೈ ಅಂಚಿನಲ್ಲಿ ಬೀಳಬೇಕು, ನಡುವೆ ಬಿದ್ದರೆ ಹರಿಯುತ್ತದೆ. ಬಡಿಯುತ್ತಾ ರೊಟ್ಟಿಯೇ ತಿರುಗಬೇಕು. ಹಂಚಿಗೆ ಹಾಕಿದ ಕೂಡಲೇ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು, ತಡವಾದರೆ ಬಿರುಕು. ಇದನ್ನೆಲ್ಲ ಅವರು ಹೇಳಲಿಲ್ಲ. ನನ್ನ ಕೈ ತಪ್ಪಿದ ಕಡೆ ತಮ್ಮ ಕೈ ಹಾಕಿ ತೋರಿಸಿದರು.

ಹನ್ನೊಂದನೇ ರೊಟ್ಟಿ ದುಂಡಗೆ ಬಂತು. ಉಬ್ಬಿತು ಕೂಡ. ಹರಿದವನ್ನೂ ಅದನ್ನೂ ಸೇರಿಸಿ ಪೇಪರ್‌ನಲ್ಲಿ ಸುತ್ತಿಕೊಂಡು ಮನೆಗೆ ಒಯ್ದೆ.

ಅಪ್ಪ ಹರಿದದ್ದನ್ನೇ ಮೊದಲು ತೆಗೆದುಕೊಂಡು ಜುಣಕದ ಜೊತೆ ತಿಂದ. ಹೇಗಿದೆ ಅಂತ ಕೇಳಿದೆ. "ಹಿಟ್ಟು ಹಳೇದೈತಿ, ಜಿಗಿ ಹೋಗೇತಿ" ಅಂದ. ಮರುದಿನ ಅಕ್ಕಾರಿಗೆ ಹೇಳಿದರೆ ಅವರು ಡಬ್ಬಿ ಮುಚ್ಚಳ ತೆಗೆದು ಒಂದು ಚಿಟಿಕೆ ಬೆರಳಲ್ಲಿ ಉಜ್ಜಿ ನೋಡಿ, "ಖರೇ ಐತಿ. ಎಂಟು ದಿನದ ಹಿಟ್ಟು ಅದು. ನಿಮ್ಮಪ್ಪಾರು ಎಲ್ಲಿ ಅಡಗಿ ಮಾಡ್ತಿದ್ರು?" ಅಂತ ಕೇಳಿದರು.